ಪಾತಿ ದೋಸೆಯ ಪಾಕ

ವಾಫಲ್‌ಗೆ ಪಾತಿ ದೋಸೆ ಎಂದು ಹೆಸರಿಟ್ಟವನು ದೇವಯ್ಯ. ಚಿಕ್ಕಸ್ವಾಮಿಯ ಆಲೆಮನೆಯಲ್ಲಿ ಇಪ್ಪತ್ತು ವರ್ಷ ಒಲೆಗೆ ಕಬ್ಬಿನ ಸಿಪ್ಪೆ ಒಟ್ಟಿದವನು. ಚಿಕ್ಕಸ್ವಾಮಿಯ ಮಗಳು ಅನು ಮೊದಲ ಸಲ ತಟ್ಟೆಯಲ್ಲಿಟ್ಟು ಕೊಟ್ಟಾಗ ಅವನು ತಿನ್ನದೆ ನೋಡುತ್ತ ಕೂತಿದ್ದ. ಸಾಲು ಸಾಲು ಚೌಕ, ಪ್ರತಿ ಚೌಕದ ಸುತ್ತಲೂ ಬದು.

"ಇದೇನವ್ವ, ನಾಲೆ ಬಯಲ್ನ ಗದ್ದೆ ಪಾತಿ ಇದ್ದಂಗದೆ. ನೀರು ಬುಡದೊಂದೇ ಬಾಕಿ."

ಆ ನೀರು ಸಿಗದೆ ಅನು ಒಂದು ವರ್ಷ ಅಲೆದಿದ್ದಳು. ನಾಗಮಂಗಲದ ಕಡೆ ಓದಿ ಪದವಿ ಮುಗಿಸಿ, ಶ್ರೀರಂಗಪಟ್ಟಣದಲ್ಲಿ ಗೆಳತಿ ಸುಧಳ ಬೇಕರಿಯಲ್ಲಿ ಕೆಲಸಕ್ಕಿದ್ದಾಗ ಅವಳು ವಾಫಲ್ ಮಾಡುವುದನ್ನು ಕಲಿತಳು. ಹಿಟ್ಟು ಹುಯ್ದು ಮುಚ್ಚಳ ಮುಚ್ಚಿದರೆ ಅಂಚಿನಿಂದ ಹಬೆ ಬುಸುಗುಟ್ಟುತ್ತದೆ. ಆ ಹಬೆ ತಾನಾಗಿ ನಿಂತ ಗಳಿಗೆಗೆ ತೆಗೆಯಬೇಕು. ಮೇಲೆ ಗರಿಗರಿ, ಒಳಗೆ ಮೆದು. ಊರಿಗೆ ಬರುವಾಗ ಅವಳು ಒಂದು ಹಳೆಯ ಮೆಷಿನ್ನು ಹೊತ್ತು ತಂದಳು. ರಾಗಿಹಿಟ್ಟು ಬೆರೆಸಿ ನೋಡಿದಳು. ಹಿತಕಿದ ಅವರೆಬೇಳೆ, ಸಬ್ಬಸಿಗೆ ಸೊಪ್ಪು ಹಾಕಿ ಖಾರದ್ದು ಮಾಡಿದಳು. ಬಿಸಿ ವಾಫಲ್ ಮೇಲೆ ಬೆಣ್ಣೆ ಸವರಿ ಹುಚ್ಚೆಳ್ಳು ಪುಡಿ ಉದುರಿಸಿದ್ದಂತೂ ಅವ್ವ ಪುಟ್ಟಗೌರಮ್ಮನಿಗೆ ಮೂರು ಹೊತ್ತೂ ಬೇಕಾಯಿತು. ಎಮ್ಮೆಹಾಲಿನ ಕೆನೆ, ಹುರಿದ ಎಳ್ಳು, ಕಿವುಚಿದ ಬಾಳೆಹಣ್ಣು, ಎಲ್ಲವೂ ಹೊಂದಿಕೊಂಡವು.

ಹೊಂದದೇ ಉಳಿದದ್ದು ಸಿಹಿಪಾಕ ಒಂದೇ. ಅಂಗಡಿಯ ಬಾಟಲಿಯದಕ್ಕೆ ಔಷಧಿಯ ವಾಸನೆ. ಬೆಲ್ಲ ಕರಗಿಸಿದರೆ, ತೆಳುವಾದದ್ದು ಹಿಟ್ಟಿಗೆ ಇಂಗಿ ವಾಫಲ್ಲನ್ನು ಮೆತ್ತಗೆ ಮಾಡುತ್ತಿತ್ತು. ಗಟ್ಟಿಯಾದದ್ದು ಪಾತಿಗೆ ಇಳಿಯದೆ ಬದುವಿನ ಮೇಲೇ ಕೂತಿರುತ್ತಿತ್ತು. ಹದ ಸಿಕ್ಕಿತು ಅನ್ನುವಷ್ಟರಲ್ಲಿ ಮಾರನೆಯ ದಿನಕ್ಕೆ ಡಬ್ಬದ ತಳದಲ್ಲಿ ಹರಳು ಕಟ್ಟಿರುತ್ತಿತ್ತು.

ಬೆಲ್ಲದ ಹದ ಕೇಳಬೇಕಾದವನು ಮನೆಯಲ್ಲೇ ಇದ್ದ. ಆದರೆ ಅವನ ಹತ್ತಿರ ಬೆಲ್ಲದ ಮಾತೆತ್ತುವಂತಿರಲಿಲ್ಲ.

ಪಾಂಡವಪುರದಿಂದ ಕೆ.ಆರ್. ಪೇಟೆಯವರೆಗೆ ಚಿಕ್ಕಸ್ವಾಮಿಯ ಅಚ್ಚುಬೆಲ್ಲ ಎಂದರೆ ಜನ ಮೂಸಿ ನೋಡದೆ ಒಯ್ಯುತ್ತಿದ್ದರು. ನಲವತ್ತು ವರ್ಷ ಅವನ ಕೊಪ್ಪರಿಗೆ ಕೆಟ್ಟಿರಲಿಲ್ಲ. ಅವನ ಆಲೆಮನೆಗೊಂದು ಕಟ್ಟುನಿಟ್ಟಿತ್ತು: ನಿಂಬೆಹಣ್ಣು ಹೊಸ್ತಿಲು ದಾಟಕೂಡದು. ಅಮಾವಾಸ್ಯೆಯ ದೃಷ್ಟಿಗೆ ಕಟ್ಟಿದ್ದೂ ಬಾಗಿಲ ಹೊರಗೇ ತೂಗಬೇಕು. ಪುಟ್ಟಗೌರಮ್ಮ ಚಿತ್ರಾನ್ನ ಮಾಡಿದ ದಿನ ಕೈ ತೊಳೆದುಕೊಂಡೇ ಗಂಡನಿಗೆ ಬುತ್ತಿ ತರುತ್ತಿದ್ದಳು. ಹುಳಿ ತಾಕಿದರೆ ಪಾಕ ಕಟ್ಟುವುದಿಲ್ಲ ಎನ್ನುವುದು ಅವನಪ್ಪನ ಕಾಲದ ಮಾತು.

ಹೋದ ವರ್ಷ ಹುಳಿ ಬೇರೆ ದಾರಿಯಲ್ಲಿ ಬಂತು. ಮಾಕವಳ್ಳಿ ಕಡೆಯ ನೆಂಟರೊಬ್ಬರು ಕಡಿದು ಆರು ದಿನ ಬಿಟ್ಟ ಕಬ್ಬನ್ನು ತಂದು ಇಳಿಸಿದರು. ಚಿಕ್ಕಸ್ವಾಮಿ ಮೂಸಿ ನೋಡಿದ, ಹುಳಿ ಹತ್ತಿದೆ ಎಂದು ಗೊತ್ತಾಯಿತು, ನೆಂಟಸ್ತನಕ್ಕೆ ಕಟ್ಟುಬಿದ್ದು ಬಾಯಿ ಬಿಡಲಿಲ್ಲ. ಎಷ್ಟು ಕುದಿಸಿದರೂ ಪಾಕ ಅಚ್ಚಿನಲ್ಲಿ ನಿಲ್ಲದೆ ಜೋನಿಯಾಗಿ, ನೀರುಬೆಲ್ಲವಾಗಿಯೇ ಹರಿಯಿತು. ನೋಡಲು ಬಂದಿದ್ದವರು ಸದ್ದಿಲ್ಲದೆ ಎದ್ದುಹೋದರು. ಅದನ್ನು ಹನ್ನೊಂದು ಡಬ್ಬಗಳಿಗೆ ತುಂಬಿ ಮೂಲೆಯಲ್ಲಿಟ್ಟು ಅವನು ಬಾಗಿಲು ಹಾಕಿದ. ಈ ವರ್ಷ ಸಂಕ್ರಾಂತಿ ಕಳೆದರೂ ಒಲೆ ಹಚ್ಚಿರಲಿಲ್ಲ. ಮನೆಯಲ್ಲಿ ಅವನ ಮಾತು ಊಟಕ್ಕೆ ಸಾಕು, ಬೇಡ ಎನ್ನುವಷ್ಟಕ್ಕೆ ಇಳಿದಿತ್ತು.

ಒಂದು ಬೆಳಿಗ್ಗೆ ಅನು ಆಲೆಮನೆಗೆ ಹೋಗಿ ಒಂದು ಡಬ್ಬದ ಮುಚ್ಚಳ ಎಬ್ಬಿಸಿದಳು. ವರ್ಷ ಕಳೆದರೂ ಒಂದು ಹರಳಿಲ್ಲ. ಗಾಜಿನ ಲೋಟಕ್ಕೆ ಹುಯ್ದು ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣುವಷ್ಟು ತಿಳಿ. ಮನೆಗೆ ತಂದು ಬಿಸಿ ವಾಫಲ್ ಮೇಲೆ ಹುಯ್ದಳು. ಅದು ಮೊದಲ ಪಾತಿಯನ್ನು ತುಂಬಿತು, ಬದುವಿನವರೆಗೆ ಏರಿ, ಒಂದು ಕ್ಷಣ ಯೋಚಿಸಿದಂತೆ ನಿಂತು, ಮುಂದಿನದಕ್ಕೆ ಇಳಿಯಿತು. ಹಿಟ್ಟು ಅದನ್ನು ಕುಡಿಯಲಿಲ್ಲ. ಬಾಯಿಗಿಟ್ಟಾಗ ಮೊದಲು ಗರಿ, ಆಮೇಲೆ ಹೊಗೆ, ಆಮೇಲೆ ಕಬ್ಬಿನ ಗದ್ದೆ, ಕಡೆಗೆ ನಾಲಗೆಯ ತುದಿಯಲ್ಲಿ ಇದ್ದೂ ಇಲ್ಲದ ಹುಳಿ. ಅಪ್ಪ ನಾಚಿ ಮೂಲೆಗಿಟ್ಟದ್ದು ಇದನ್ನೇನಾ ಎಂದು ಅವಳಿಗೆ ನಂಬುವುದಕ್ಕಾಗಲಿಲ್ಲ.

ಪಾಂಡವಪುರದ ಬಸ್ ಸ್ಟ್ಯಾಂಡಿನ ಹತ್ತಿರ ಅವಳ ತಳ್ಳುಗಾಡಿ ನಿಂತಿತು. ಜನ ಮೊದಲು ನಕ್ಕರು, ಆಮೇಲೆ ಸಾಲು ನಿಂತರು. ಡಬ್ಬಗಳು ಒಂದೊಂದಾಗಿ ಬರಿದಾದವು. ಅಪ್ಪನಿಗೆ ತಿಳಿದಿದೆಯೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಷ್ಟರಲ್ಲಿ ಆದಿಚುಂಚನಗಿರಿಯ ಕಾಲೇಜೊಂದರ ಹಬ್ಬದಲ್ಲಿ ಅಂಗಡಿ ಇಡುವಂತೆ ಕರೆ ಬಂತು. ಶನಿವಾರಕ್ಕೆ ಮುನ್ನೂರು ವಾಫಲ್. ಕೊನೆಯ ಡಬ್ಬದಲ್ಲಿ ಉಳಿದದ್ದು ಒಂದು ಚೊಂಬು. ಆ ಪಾಕವಿಲ್ಲದಿದ್ದರೆ ಗಾಡಿ ಮುಚ್ಚಿದಂತೆಯೇ ಎಂದು ಅವಳಿಗೆ ಗೊತ್ತಿತ್ತು.

ಬುಧವಾರ ಬೆಳಿಗ್ಗೆ ಅವಳು ಆ ಚೊಂಬಿನ ಪಾಕವನ್ನೇ ವಾಫಲ್ ಮೇಲೆ ಹುಯ್ದು ಅಪ್ಪನ ಮುಂದೆ ತಟ್ಟೆ ಇಟ್ಟಳು. ಇದು ಯಾವ ಪಾಕ ಎಂದು ಹೇಳಿಯೂ ಬಿಟ್ಟಳು. ಪುಟ್ಟಗೌರಮ್ಮ ಸೌಟು ಹಿಡಿದು ಬಾಗಿಲಲ್ಲೇ ನಿಂತಳು.

ಚಿಕ್ಕಸ್ವಾಮಿ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ನನ್ನ ಕೈ ಸೋತಿದ್ನ ಊರಿಗೆಲ್ಲ ಅಂಚ್ಕಂಡು ಬಂದ್ಯಾ ಮಗ?"

"ಅಂಚ್ದೆ ಕಣಪ್ಪ. ಯಾರೂ ಸೋತದೆ ಅನ್ನಿಲ್ಲ. ಇನ್ನೊಸಿ ಆಕು ಅಂದ್ರು."

ಅವನು ತಟ್ಟೆಯನ್ನು ಓರೆ ಮಾಡಿ, ಪಾಕ ಪಾತಿಯಿಂದ ಪಾತಿಗೆ ಇಳಿಯುವುದನ್ನು ಗದ್ದೆಗೆ ನೀರು ಕಟ್ಟುವವನಂತೆ ನೋಡಿದ. ಒಂದು ಮೂಲೆ ಮುರಿದು ತಿಂದ. ಇನ್ನೊಂದು ಮುರಿದ. ಎದ್ದು, ಟವೆಲ್ಲು ಹೆಗಲಿಗೆ ಹಾಕಿಕೊಂಡು, ದೇವಯ್ಯನ ಮನೆ ಕಡೆ ನಡೆದ.

ಗುರುವಾರ ವರ್ಷದ ಮೇಲೆ ಆಲೆಮನೆಯಲ್ಲಿ ಹೊಗೆ ಎದ್ದಿತು. ಅರ್ಧ ಕೊಪ್ಪರಿಗೆ ಕಬ್ಬಿನ ಹಾಲು. ಪಾಕ ಕಟ್ಟುವ ಮುಂಚೆ ಇಳಿಸಬೇಕು, ಅಷ್ಟೇ. ಚಿಕ್ಕಸ್ವಾಮಿ ಹದ ನೋಡಿದ, ಕಲಕುವ ಹುಟ್ಟು ಆಡಿಸಿದ, ಇಳಿಸಿದ. ತಣ್ಣಗಾದಾಗ ನೋಡಿದರೆ ಬೆಲ್ಲ ಕಟ್ಟಿಬಿಟ್ಟಿತ್ತು. ಹೊಂಬಣ್ಣದ, ಎಳೆ ಎಳೆಯಾದ, ಯಾರೂ ಕುಂದು ಹೇಳಲಾಗದ ಬೆಲ್ಲ. ಅವನು ತನ್ನ ಕೈಯನ್ನು ಬೇರೆಯವರದೆಂಬಂತೆ ತಿರುಗಿಸಿ ನೋಡಿಕೊಂಡ.

"ಬೆಲ್ಲ ಕೆಡ್ಸಾಕೆ ಊರಿಗೆಲ್ಲ ಬತ್ತದೆ," ಎಂದ ದೇವಯ್ಯ ಸಿಪ್ಪೆ ಎಳೆಯುತ್ತ, "ನಿಂಗೊಬ್ಬನ್ಗೇ ಬರಾಕಿಲ್ಲ ಬುಡಣ್ಣ."

ಚಿಕ್ಕಸ್ವಾಮಿ ನಕ್ಕ. ಆ ಸದ್ದು ಮರೆತೇಹೋಗಿದ್ದರಿಂದ ಅನು ಒಂದು ಗಳಿಗೆ ಅದು ಯಾರದೆಂದು ಸುತ್ತ ನೋಡಿದಳು.

ಶುಕ್ರವಾರ ಬೆಳಕು ಹರಿಯುವಷ್ಟರಲ್ಲಿ ಎರಡನೆಯ ಕೊಪ್ಪರಿಗೆ ಕುದಿಯುತ್ತಿತ್ತು. ಈ ಸಲ ಅವನು ಹುಟ್ಟು ಹಿಡಿಯಲಿಲ್ಲ, ದೇವಯ್ಯನ ಕೈಗೆ ಕೊಟ್ಟ. ಬರಿಗೈಯಲ್ಲಿ ಕೊಪ್ಪರಿಗೆಯ ಹತ್ತಿರ ತಲೆ ಬಗ್ಗಿಸಿ ನಿಂತ. ಆಮೇಲೆ ಮಗಳನ್ನು ಕರೆದು, ಬಾವಿಯ ಹತ್ತಿರದ ಗಿಡದಿಂದ ಹತ್ತು ನಿಂಬೆಹಣ್ಣು ತಾ ಎಂದ.

ಅನು ಮಡಿಲು ತುಂಬ ತಂದವಳು ಹೊಸ್ತಿಲ ಹೊರಗೇ ನಿಂತಳು.

"ಒಳೀಕ್ ಬಾ," ಎಂದ ಅವನು. "ನಾನೇ ಕರೀತಾ ಇವ್ನಲ್ಲ."

ಅವಳು ದಾಟಿದಳು. ಅವನು ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳು ಎಂದು ಸನ್ನೆ ಮಾಡಿದ. ಮೊದಲು ಕೊತಕೊತ ಸದ್ದು ಒಂದೇ ಕೇಳಿಸಿತು. ನೊರೆ ತಗ್ಗಿದಂತೆ ಅದು ಬಿಡಿಬಿಡಿಯಾಯಿತು. ಒಂದು ಗುಳ್ಳೆ, ಇನ್ನೊಂದು, ನಡುವೆ ಅಂತರ. ಆಮೇಲೆ, ಬೆಂಕಿ ಹಾಗೇ ಉರಿಯುತ್ತಿದ್ದರೂ, ಅಷ್ಟು ದೊಡ್ಡ ಕೊಪ್ಪರಿಗೆ ಒಮ್ಮೆಲೇ ಮೌನವಾಯಿತು. ಯಾರೋ ಮಾತಾಡಲು ಬಾಯಿ ತೆರೆದು ತಡೆದು ನಿಂತಂತಿತ್ತು.

"ಇದೇ," ಎಂದ ಅವನು ಪಿಸುಮಾತಿನಲ್ಲಿ. "ಅಚ್ಚಿಗೆ ಬರಕೆ ಮುಂಚೆ ಒಂದ್ಗಳಿಗೆ ಇಂಗೆ ಉಸ್ರು ಇಡ್ಕತದೆ. ನಲವತ್ತು ವರ್ಷ ಕೇಳಿವ್ನಿ ಕಣವ್ವ. ಒಂದಿನವೂ ಇಲ್ಲಿಗೇ ನಿಲ್ಸಿರ್ನಿಲ್ಲ."

ಅವನೇ ನಿಂಬೆಹಣ್ಣು ಹೆಚ್ಚಿ ಹಿಂಡಿದ. ಹತ್ತೂ ಹಣ್ಣು. ಆಮೇಲೆ ಮೂವರೂ ಸೇರಿ ಕೊಪ್ಪರಿಗೆ ಇಳಿಸಿದರು.

ಬಿಸಿಲೇರುವಷ್ಟರಲ್ಲಿ ಪಾಕ ತಣ್ಣಗಾಯಿತು, ಕಟ್ಟಲಿಲ್ಲ. ಅನು ಮೆಷಿನ್ನು ತಂದು ಗಾಣದ ಮೋಟರಿನ ಪಕ್ಕದ ಪ್ಲಗ್ಗಿಗೆ ಹಾಕಿ, ರಾಗಿ ವಾಫಲ್ ಮಾಡಿ, ಮೇಲೆ ಹುಯ್ದಳು. ಪಾಕ ಒಂದು ಪಾತಿ ತುಂಬಿ, ಬದು ಹತ್ತಿ ನಿಂತು, ಮುಂದಕ್ಕಿಳಿಯಿತು. ಒಂದೊಂದು ಚೌಕದಲ್ಲೂ ಒಂದೊಂದು ಆಕಾಶ ಮಿನುಗಿತು.

ಹೊಸ ಬೆಲ್ಲದ ಮೊದಲ ಚೂರು ಒಲೆಗೆ ಸಲ್ಲಬೇಕೆನ್ನುವುದು ಆಲೆಮನೆಯ ವಾಡಿಕೆ. ಚಿಕ್ಕಸ್ವಾಮಿ ವಾಫಲ್ಲಿನ ಒಂದು ಚೌಕ ಮುರಿದು, ಹಣೆಗೊತ್ತಿಕೊಂಡು, ಬೆಂಕಿಗೆ ಹಾಕಿದ. ಎರಡನೆಯದು ದೇವಯ್ಯನಿಗೆ, ಮೂರನೆಯದು ಮಗಳಿಗೆ. ಆಮೇಲೆ ತಾನು ತಿಂದು, ನಾಳೆಗೆ ಎಷ್ಟು ಡಬ್ಬ ತೊಳೆಯಬೇಕೆಂದು ಕೇಳಿದ.

ಅನು ಖಾಲಿ ಡಬ್ಬಗಳನ್ನು ಎಣಿಸಲು ಎದ್ದಳು. ದಾರಿಯಲ್ಲಿ ಬಿದ್ದಿದ್ದ ಹಿಂಡಿದ ನಿಂಬೆಯ ಒಂದು ಹೋಳನ್ನು ಕೈಗೆತ್ತಿಕೊಂಡಳು. ಆಲೆಮನೆಯ ಒಳಗೆ ಅದನ್ನು ಎಲ್ಲಿಡಬೇಕೆಂದು ಯಾರೂ ಅವಳಿಗೆ ಕಲಿಸಿರಲಿಲ್ಲ.