ಯಾರೂ ಕೇಳದ ಸರ್ಟಿಫಿಕೇಟು

'ಮೃತರಿಗೆ ಏನಾಗಬೇಕು' ಎಂಬ ಕಡೆ 'ಸಹೋದ್ಯೋಗಿ' ಎಂದು ಬರೆದು ರಘುನಂದನ್ ಫಾರ್ಮನ್ನು ಕೌಂಟರಿನತ್ತ ಸರಿಸಿದ. ಯೊಕೊಹಾಮಾದ ಅಂಚಿನ ಆ ಚಿತಾಗಾರಕ್ಕೆ ಜಯದೇವರಿಗಾಗಿ ಬಂದವರು ಅವನು ಮತ್ತು ಅವನ ಹೆಂಡತಿ ಸಿಂಧೂರಾ, ಇಬ್ಬರೇ. ದಾವಣಗೆರೆಯಲ್ಲಿದ್ದ ಜಯದೇವರ ತಂಗಿಗೆ ವೀಸಾ ಸಿಕ್ಕಿರಲಿಲ್ಲ.

"ಇಪ್ಪತ್ತೆರಡು ವರ್ಷ ಒಂದೇ ಫ್ಯಾಕ್ಟರಿ. ಇಷ್ಟೇ ಜನಾನಾ?" ಎಂದಳು ಸಿಂಧೂರಾ.

"ವರ್ಕಿಂಗ್ ಡೇ ಅಲ್ವಾ."

"ನೀನಾದ್ರೂ ಲಾಸ್ಟ್ ಯಾವಾಗ ಮಾತಾಡ್ಸಿದ್ದೆ?"

"ದೀಪಾವಳಿಗೆ. ಫೋನಲ್ಲಿ."

ಜಯದೇವರ ಮನೆ ಇವರ ಮನೆಯಿಂದ ಎರಡೇ ಸ್ಟೇಷನ್ ಆಚೆ ಇತ್ತು.

ಕರಿ ಕೋಟಿನ ಮುದುಕರೊಬ್ಬರು ಬಂದು ತಲೆಬಾಗಿದರು. "ಸುಮಿಮಾಸೆನ್, ಕ್ಷಮಿಸಿ. ನಾನು ಮುರಾಸೆ. ಜಯದೇವ-ಸಾನ್ ಅವರ ಡಾಕ್ಟರು."

ರಘುನಂದನ್ ಜಪಾನಿ ಭಾಷೆಯಲ್ಲೇ ಕೇಳಿದ: "ಅವರಿಗೇನು ಕಾಯಿಲೆ ಇತ್ತು ಡಾಕ್ಟ್ರೇ? ಅವರ ಮನೆಯ ಬೀರು ತುಂಬ ನಿಮ್ಮ ಸರ್ಟಿಫಿಕೇಟುಗಳು. ಒಂದು ಲಕೋಟೆಯನ್ನೂ ಒಡೆದಿಲ್ಲ."

"ಆರೋಗ್ಯವಾಗಿದ್ದಾರೆ ಅಂತಲೇ ಎಲ್ಲದರಲ್ಲೂ ಬರೆದದ್ದು. ಹೃದಯ ಹೀಗೆ ನಿಂತುಹೋಗುತ್ತದೆ ಅಂತ ನನಗೂ ತಿಳಿಯಲಿಲ್ಲ."

\*

ಮೊದಲ ಸಲ ಜಯದೇವ ಮುರಾಸೆಯವರ ಕ್ಲಿನಿಕ್ಕಿಗೆ ಸರ್ಟಿಫಿಕೇಟಿಗೆಂದು ಹೋದದ್ದು ನಿಜಕ್ಕೂ ಈಜುಕೊಳದವರು ಅದನ್ನು ಕೇಳಿದ್ದರಿಂದ. ಸರ್ಟಿಫಿಕೇಟಿಗೆ ವಿಮೆ ಇಲ್ಲ, ಮೂರು ಸಾವಿರ ಯೆನ್ ಕೈಯಿಂದ ಕೊಡಬೇಕು ಎಂದರು. ಆದರೆ ಜ್ವರ ಬಂದರೆ ಮೂರು ನಿಮಿಷದಲ್ಲಿ ಕಳಿಸುವ ಡಾಕ್ಟರು ಅಂದು ಅರ್ಧ ಗಂಟೆ ಕೂರಿಸಿಕೊಂಡರು. ನಿದ್ದೆ ಬರುತ್ತದೆಯೇ? ಊಟ ಏನು? ಮನೆಯಲ್ಲಿ ಜೊತೆಗೆ ಯಾರಿದ್ದಾರೆ?

ಮುಂದಿನ ತಿಂಗಳು ಜಯದೇವ ಮತ್ತೆ ಹೋದರು.

"ಈ ಸಲ ಯಾರಿಗೆ ಬೇಕು?"

"ಕಂಪನಿಯವರಿಗೆ."

ಡಾಕ್ಟರು ಪೆನ್ನು ತೆಗೆದು, ಊಟದ ಬಗ್ಗೆ ಕೇಳಿದರು. ನುಗ್ಗೇಕಾಯಿ ಸಿಗದೆ ಹುಳಿಗೆ ಇಲ್ಲಿಯ ದಪ್ಪ ಮೂಲಂಗಿ ಹಾಕಿದ್ದನ್ನು ಜಯದೇವ ವಿವರವಾಗಿ ಹೇಳಿದರು. ಅಮ್ಮ ಬದುಕಿದ್ದರೆ ನಗುತ್ತಿದ್ದಳು ಎಂದೂ ಹೇಳಿದರು.

\*

"ಆರು ವರ್ಷ, ತಿಂಗಳಿಗೊಂದು," ಎಂದರು ಮುರಾಸೆ. "ಯಾವ ಕಂಪನಿಯೂ ಕೇಳಿರಲಿಲ್ಲ ಅಂತ ಗೊತ್ತಿತ್ತು."

"ಗೊತ್ತಿದ್ದೂ ದುಡ್ಡು ತಗೊಂಡ್ರಾ?" ರಘುನಂದನನ ದನಿ ಏರಿತು.

"ತಗೊಳ್ಳದಿದ್ದರೆ ಅವರು ಬರೋದನ್ನೇ ಬಿಟ್ಟುಬಿಡುತ್ತಿದ್ದರು."



ಸುಟ್ಟ ಮೂಳೆಗಳ ತಟ್ಟೆ ಹೊರಬಂತು. ಒಂದೊಂದು ಮೂಳೆಯನ್ನೂ ಇಬ್ಬರು ಸೇರಿ ಕಡ್ಡಿಗಳಲ್ಲಿ ಹಿಡಿದು ಕುಡಿಕೆಗೆ ಹಾಕಬೇಕು, ಇಲ್ಲಿಯ ಪದ್ಧತಿ ಹಾಗೆ ಎಂದು ಅಲ್ಲಿನ ಸಿಬ್ಬಂದಿ ತಿಳಿಸಿದ.

"ನನ್ ಕೈಲಾಗಲ್ಲ ರಘು," ಎನ್ನುತ್ತ ಸಿಂಧೂರಾ ಬಾಗಿಲ ಹೊರಗೆ ಹೋದಳು.

ರಘುನಂದನ್ ಒಂದು ತುಂಡನ್ನು ಎತ್ತಲು ಹೋದ. ಅದು ಕಡ್ಡಿಗಳಿಂದ ಜಾರಿ ತಟ್ಟೆಗೆ ಬಿತ್ತು. ಮುರಾಸೆ ಎದುರು ಬದಿಯಿಂದ ತಮ್ಮ ಕಡ್ಡಿಗಳನ್ನು ಅದೇ ಮೂಳೆಗೆ ಆನಿಸಿ, ಅವನ ಕೈ ಹದಕ್ಕೆ ಬರುವವರೆಗೆ ಅಲ್ಲಾಡದೆ ನಿಂತರು.