ಎರಡನೆಯ ಹೆಸರು

ಎರಡು ವರ್ಷ ನಾಲ್ಕು ತಿಂಗಳುಗಳಿಂದ ಆ ರಫುಗಾರನು ಒಂದು ದೂರವಾಣಿ ಕರೆಗಾಗಿ ಕಾಯುತ್ತಿದ್ದನು.

ಬಟ್ಟೆಯಲ್ಲಿ ಬಿದ್ದ ತೂತನ್ನು, ಅದೇ ಬಟ್ಟೆಯ ಒಳಮಡಿಕೆಯಿಂದ ಕಿತ್ತ ಎಳೆಗಳಿಂದ ನೇಯ್ದು ಮುಚ್ಚುವುದು ಅವನ ಕಸುಬು. ತೂತು ಎಲ್ಲಿತ್ತೆಂದು ಬಟ್ಟೆಯ ಒಡೆಯನೇ ಹುಡುಕಿ ಸೋಲಬೇಕು. ಆಗಲೇ ಕೆಲಸ ಸರಿಯಾಯಿತೆಂದು ಅರ್ಥ. ಇಂಥ ಕಸುಬಿನವನ ಕಣ್ಣುಗಳ ಮುಂದಿನ ತಿಳಿಪದರವೇ ಮಸುಕಾಗತೊಡಗಿತ್ತು. ಬಲಗಣ್ಣು ಹಬೆ ಹಿಡಿದ ಕನ್ನಡಿಯಂತಾಗಿತ್ತು. ಎಡಗಣ್ಣು ಅದೇ ದಾರಿ ಹಿಡಿದಿತ್ತು. ಸತ್ತವರೊಬ್ಬರು ದಾನವಾಗಿ ಬಿಟ್ಟುಹೋದ ಪದರವನ್ನು ತಂದು ಕೂರಿಸಿದರೆ ನೋಟ ಮರಳಬಹುದೆಂದು ಕಣ್ಣಾಸ್ಪತ್ರೆಯವರು ಹೇಳಿ, ಅವನ ಹೆಸರನ್ನು ಪಟ್ಟಿಗೆ ಸೇರಿಸಿಕೊಂಡಿದ್ದರು. "ಸರದಿ ಬಂದಾಗ ಫೋನ್ ಮಾಡ್ತೀವಿ" ಎಂದಿದ್ದರು.

ಅವನ ಕೋಣೆಯಿದ್ದದ್ದು ಲಾಂಡ್ರಿಯ ಮಹಡಿಯ ಮೇಲೆ. ಕೆಳಗೆ ಯಂತ್ರಗಳು ತಿರುಗುವಾಗ ನೆಲ ಸಣ್ಣಗೆ ನಡುಗುತ್ತಿತ್ತು. ಅವು ನಿಂತಾಗ, ಯಾರೋ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದಂತೆ ಎನಿಸುತ್ತಿತ್ತು. ಒಂದು ಮಂಚ, ಕಿಟಕಿಯ ಬಳಿ ಒಂದು ಮೇಜು, ಒಂದು ಕುರ್ಚಿ. ಇನ್ನೊಂದು ಕುರ್ಚಿಯ ಅಗತ್ಯ ಹನ್ನೊಂದು ವರ್ಷಗಳಲ್ಲಿ ಬಿದ್ದಿರಲಿಲ್ಲ. ಅವನೊಡನೆ ದಿನವೂ ಮಾತನಾಡುವವಳು ಒಬ್ಬಳೇ, ಒಂದೂವರೆ ದಿನದ ಪ್ರಯಾಣದಷ್ಟು ದೂರದಲ್ಲಿದ್ದ ಅಕ್ಕ. ಸಂಜೆಯಾದರೆ ಅವಳ ಫೋನು ತಪ್ಪುತ್ತಿರಲಿಲ್ಲ.

"ಆಸ್ಪತ್ರೆಯವರು ಫೋನ್ ಮಾಡಿದ್ರೇನೋ?"

"ಮಾಡಿದ್ರೆ ನಾನೇ ಹೇಳ್ತಿರಲಿಲ್ವಾ ಅಕ್ಕ?"

"ದೇವರಿಗೆ ಅವನದೇ ಹೊತ್ತು ಅಂತ ಇರುತ್ತೆ ಕಣೋ. ನಾವು ಅವಸರ ಮಾಡಿದ್ರೆ ನಡೆಯಲ್ಲ."

"ನಿನಗೇನು, ಹೇಳ್ತೀಯ. ನಿನ್ನ ಕಣ್ಣು ಎದುರುಮನೆ ಪಾತ್ರೆ ಮೇಲಿನ ಗೀರನ್ನೂ ಬಿಡಲ್ಲ."

"ಗೀರು ಇದ್ರೆ ತಾನೇ ನೋಡೋದು? ಸರಿ, ಊಟ ಮಾಡಿದ್ಯಾ?"

ಮೊದಲ ವರ್ಷ ಅವನು ಬೆಳಗೆದ್ದು ಕೈಮುಗಿದು ಒಂದೇ ಮಾತನ್ನು ಬೇಡುತ್ತಿದ್ದನು: ಇಂದಾದರೂ ಕರೆ ಬರಲಿ. ಹಾಗೆ ಬೇಡುತ್ತಿದ್ದ ಒಂದು ಚಳಿಯ ಮುಂಜಾನೆ, ತಾನು ಕೇಳುತ್ತಿರುವುದೇನೆಂಬುದು ಅವನಿಗೆ ಥಟ್ಟನೆ ಹೊಳೆಯಿತು. ಕರೆ ಬರಬೇಕಾದರೆ ಎಲ್ಲೋ ಒಂದು ಮನೆಯಲ್ಲಿ ಒಬ್ಬರು ಕಣ್ಣು ಮುಚ್ಚಬೇಕು. ಮುಗಿದ ಕೈಗಳು ತಾವಾಗಿಯೇ ಕೆಳಗಿಳಿದವು. ಅಂದಿನಿಂದ ಅವನು "ನಿನ್ನ ಹೊತ್ತಿಗೆ ಆಗಲಿ" ಎಂದಷ್ಟೇ ಹೇಳತೊಡಗಿದನು. ಆದರೆ ಅದು ನಾಲಗೆಯ ಮಾತು. ಮನಸ್ಸು ಮಾತ್ರ ಫೋನಿನ ಪಕ್ಕದಲ್ಲೇ ಕಿವಿ ನೆಟ್ಟು ನಿಂತಿರುತ್ತಿತ್ತು.

ಹಿಂದಿನ ತಿಂಗಳು ಆಗಬಾರದ್ದೊಂದು ಆಗಿಹೋಯಿತು. ಮೇಜಿನ ಮೇಲೆ ಎರಡು ಕೋಟುಗಳಿದ್ದವು, ಒಂದು ಕಪ್ಪು, ಒಂದು ಕಡುನೀಲಿ. ನೀಲಿಯದರ ಮಡಿಕೆಯಿಂದ ಕಿತ್ತ ಎಳೆಗಳನ್ನು ಅವನು ಕಪ್ಪು ಕೋಟಿನ ತೋಳಿಗೆ ನೇಯ್ದುಬಿಟ್ಟಿದ್ದನು. ಲಾಂಡ್ರಿಯ ಯಜಮಾನನು ಕೋಟನ್ನು ಹಿಡಿದುಕೊಂಡು ಮಹಡಿ ಹತ್ತಿ ಬಂದನು.

"ನೇಯ್ಗೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಆದ್ರೆ ಬಿಸಿಲಿಗೆ ಹಿಡಿದ್ರೆ ತೋಳಲ್ಲಿ ನೀಲಿ ಉಗುರು ಮೂಡಿದ ಹಾಗೆ ಕಾಣುತ್ತಲ್ಲಪ್ಪ!"

ರಫುಗಾರನು ಕೋಟನ್ನು ಕಣ್ಣಿನ ಹತ್ತಿರಕ್ಕೆ ತಂದನು, ದೂರ ಹಿಡಿದನು. ಅವನಿಗೆ ಎಲ್ಲವೂ ಕಪ್ಪಾಗಿಯೇ ಕಂಡಿತು.

"ಇನ್ನೊಂದು ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ" ಎಂದ ಯಜಮಾನ, ಅವನ ಮುಖ ನೋಡಲಾರದೆ ಕಿಟಕಿಯತ್ತ ತಿರುಗಿ, "ಹೇಳೋಕೆ ನಂಗೂ ಕರುಳು ಚುರ್ ಅನ್ನುತ್ತೆ" ಎಂದನು.

ಅವನು ಇಳಿದುಹೋದ ಮೇಲೆ ರಫುಗಾರನು ಮೊಟ್ಟಮೊದಲ ಬಾರಿಗೆ ದೇವರನ್ನು ಗದರಿಸಿ ಕೇಳಿದನು: "ನಿನ್ನ ಹೊತ್ತು ಅಂದ್ರೆ ಯಾವುದು? ನಾನು ಪೂರ್ತಿ ಕುರುಡನಾದ ಮೇಲಾ?" ಕೆಳಗೆ ಯಂತ್ರ ತಿರುಗುತ್ತಲೇ ಇತ್ತು.

ಕರೆ ಬಂದದ್ದು ಒಂದು ಸಾಧಾರಣ ಬೆಳಿಗ್ಗೆ, ಅವನು ಚಹಾಕ್ಕೆ ನೀರಿಡುವ ಮೊದಲು. "ಏನೂ ತಿನ್ಬೇಡಿ. ಹತ್ತು ಗಂಟೆಯೊಳಗೆ ಬನ್ನಿ" ಎಂದಿತು ಹೆಣ್ಣುದನಿ. "ಇನ್ನೊಂದು ವಿಷಯ, ನೀವು ಎರಡನೆಯವರು. ಇರೋದು ಒಂದೇ ಕಣ್ಣು. ಮೊದಲನೆಯವರಿಗೆ ಜ್ವರವೋ ಬಿಪಿಯೋ ಬಂದು ಆಪರೇಷನ್ ಆಗದೆ ಹೋದ್ರೆ ನಿಮಗೆ. ಆಗಿಬಿಟ್ರೆ ನೀವು ವಾಪಸ್."

ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ ನರ್ಸು ಒಂದು ಕಾಗದ ಹಿಡಿದು ಬಂದಳು.

"ಜೊತೆಯಲ್ಲಿ ಯಾರು ಬಂದಿದ್ದಾರೆ?"

"ಯಾರೂ ಇಲ್ಲ."

"ಹಾಗಂದ್ರೆ ಹೇಗೆ? ಜೊತೆಯವರ ಸಹಿ ಇಲ್ದೆ ಒಳಗೆ ಬಿಡೋ ಹಾಗಿಲ್ಲ."

ಇಷ್ಟು ವರ್ಷ ಕಾದವನು ಈ ಒಂದು ಸಹಿಯನ್ನು ಮಾತ್ರ ಯೋಚಿಸಿರಲಿಲ್ಲ. ಪಕ್ಕದ ಬೆಂಚಿನಿಂದ ಒಬ್ಬ ಹೆಂಗಸಿನ ದನಿ ಬಂದಿತು.

"ಕೊಡಮ್ಮ ಇಲ್ಲಿ, ನಾನು ಹಾಕ್ತೀನಿ."

"ನೀವು ಇವರಿಗೆ ಏನಾಗ್ಬೇಕು?"

"ಅತ್ತಿಗೆ ಅಂತ ಬರ್ಕೊ."

ಅವಳ ಪಕ್ಕದಲ್ಲಿದ್ದ ದಪ್ಪ ಗಂಡಸು ಬೆಚ್ಚಿದವನಂತೆ ತಿರುಗಿದನು. "ಲೇ, ನನಗೇ ಗೊತ್ತಿಲ್ದೆ ನನಗೊಬ್ಬ ತಮ್ಮನಾ?"

"ನೀವು ಲಾರಿ ತಗೊಂಡು ಊರೂರು ಅಲೀತಿದ್ರಲ್ಲ, ಆಗ ಹುಟ್ಟಿರ್ತಾನೆ. ಸುಮ್ನಿರಿ" ಎನ್ನುತ್ತ ಅವಳು ಸಹಿ ಹಾಕಿದಳು. ಆಮೇಲೆ ರಫುಗಾರನ ಕಡೆ ತಿರುಗಿ, "ಇವರು ಮೂರು ವರ್ಷದಿಂದ ಕಾಯ್ತಿದ್ದಾರೆ, ಎಂಟು ತಿಂಗಳಿಂದ ಸ್ಟೀರಿಂಗ್ ಮುಟ್ಟಿಲ್ಲ. ಇವತ್ತು ಇವರದೇ ಮೊದಲ ಹೆಸರು. ನಿಮಗೂ ಇವತ್ತೇನಾ?" ಎಂದಳು.

"ನಾನು ಎರಡನೆಯವನು."

ಅವಳ ಕೈಯಲ್ಲಿ ಕಾಗದ ಇನ್ನೂ ಇತ್ತು. ತನ್ನ ಗಂಡ ಸೋತರೆ ಗೆಲ್ಲುವವನಿಗೆ ತಾನು ಸಹಿ ಹಾಕಿದೆನೆಂಬುದು ಅರ್ಥವಾಗಲು ಅವಳಿಗೆ ಒಂದು ಕ್ಷಣ ಹಿಡಿಯಿತು. ಅವಳು ಅದನ್ನು ಹರಿಯಲಿಲ್ಲ, ಸಹಿಯನ್ನು ಹೊಡೆದುಹಾಕಲಿಲ್ಲ. "ಇರ್ಲಿ ಬಿಡಿ" ಎಂದು ಕಾಗದವನ್ನು ನರ್ಸಿನ ಕೈಗಿತ್ತಳು.

ನರ್ಸು ಲಾರಿಯವನ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು, ಮತ್ತೊಮ್ಮೆ ನೋಡಿದಳು. "ತುಂಬ ಏರಿದೆ. ಹೆದರಿಕೆಗೇ ಏರಿರೋದು. ಅರ್ಧ ಗಂಟೆ ಬಿಟ್ಟು ನೋಡ್ತೀನಿ. ಇಳಿಯದಿದ್ರೆ ಇವರನ್ನ ಕರ್ಕೊಂಡು ಹೋಗ್ತೀವಿ" ಎಂದು ರಫುಗಾರನತ್ತ ಬೆರಳು ಮಾಡಿ ಹೋದಳು.

ರಫುಗಾರನು ಒಳಬಾಗಿಲಿನತ್ತ ಮುಖ ತಿರುಗಿಸಿದನು. ಕೊನೆಗೂ ಆ ಹೊತ್ತು ಬಂದಿತೇ? ಅವನು ಯಾರಿಗೂ ಕೇಡು ಮಾಡಬೇಕಾಗಿರಲಿಲ್ಲ, ಯಾವ ಸುಳ್ಳನ್ನೂ ಹೇಳಬೇಕಾಗಿರಲಿಲ್ಲ. ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಕುಳಿತರೆ ಸಾಕು. ಎರಡು ವರ್ಷ ಕುಳಿತವನಿಗೆ ಅರ್ಧ ಗಂಟೆ ಯಾವ ದೊಡ್ಡ ಮಾತು?

ಅವನು ಅವರ ಬೆಂಚಿನ ತುದಿಯಲ್ಲೇ ಕುಳಿತನು. ಲಾರಿಯವನ ಮೊಣಕಾಲು ಕುಣಿಯುತ್ತಿತ್ತು, ಅದರಿಂದ ಬೆಂಚೇ ಅದುರುತ್ತಿತ್ತು. "ಇಳಿಜಾರಲ್ಲಿ ಬ್ರೇಕ್ ಹಿಡೀದೆ ಹೋದಾಗ್ಲೂ ನಾನು ಹೀಗೆ ಹೆದರಿರ್ಲಿಲ್ಲ ಕಣೇ" ಎಂದನು. "ಸಮಾಧಾನ ಮಾಡ್ಕೊಳ್ಳಿ, ಸಮಾಧಾನ" ಎಂದು ಹೆಂಡತಿ ಹೇಳಿದಷ್ಟೂ ಅವಳ ದನಿಯೇ ಏರುತ್ತಿತ್ತು. ಐದು ನಿಮಿಷ ಕಳೆಯಿತು, ಹತ್ತಾಯಿತು. ಆ ಅದುರು ಬೆಂಚಿನಿಂದ ಹತ್ತಿ ರಫುಗಾರನ ಬೆನ್ನಿಗೆ ಬಂದಿತು. ಒಬ್ಬ ಮನುಷ್ಯನ ಭಯ ಇಷ್ಟು ಹತ್ತಿರದಿಂದ ಅವನಿಗೆ ತಾಕಿ ಬಹಳ ಕಾಲವಾಗಿತ್ತು. ಏನನ್ನೂ ನಿರ್ಧರಿಸುವ ಮೊದಲೇ ಅವನ ಬಾಯಿ ಮಾತಾಡಿತು.

"ಅಣ್ಣ, ನಿಮ್ಮ ಅಂಗಿ ಅಂಚನ್ನ ಸ್ವಲ್ಪ ಹಿಡ್ಕೊಳ್ಳಿ."

"ಯಾಕೆ?"

"ಒಳಗಡೆಯಿಂದ ಒಂದು ಎಳೆ ಕೀಳಿ. ತುಂಡಾಗದ ಹಾಗೆ."

"ನನ್ನ ಕಣ್ಣಿಗೆ ಲಾರಿನೇ ಕಾಣಲ್ಲ ಮಾರಾಯ್ರೆ, ಎಳೆ ಎಲ್ಲಿ ಕಾಣುತ್ತೆ?"

"ಕಾಣೋದು ಬೇಡ, ಕಣ್ಣು ಮುಚ್ಚಿ. ಉಗುರಿಗೆ ಸಿಕ್ತಾ? ಈಗ ಉಸಿರು ಬಿಡ್ತಾ ಬಿಡ್ತಾ ಎಳೀರಿ. ಉಸಿರು ಹಿಡಿದ್ರೆ ಕೈ ಬಿಗಿಯಾಗುತ್ತೆ, ಎಳೆ ಉಳಿಯಲ್ಲ."

ಮೊದಲ ಎಳೆ ತಟ್ಟನೆ ತುಂಡಾಯಿತು. ಎರಡನೆಯದೂ ಹಾಗೆಯೇ ಆಯಿತು. "ಹೊಸ ಅಂಗಿ ರೀ!" ಎಂದಳು ಹೆಂಡತಿ. "ನಿಧಾನ" ಎಂದನು ರಫುಗಾರ. "ಉಸಿರು ಪೂರ್ತಿ ಹೊರಗೆ ಹೋಗ್ಲಿ. ನಮಗೇನೂ ಅವಸರ ಇಲ್ಲ." ಐದನೆಯ ಎಳೆ ಗೇಣುದ್ದ ಇಡಿಯಾಗಿ ಬಂದಿತು. ಲಾರಿಯವನು ಅದನ್ನು ಎರಡು ಬೆರಳುಗಳ ನಡುವೆ ಹೊಸೆದು ನೋಡಿ, ಮಗುವಿನಂತೆ ನಕ್ಕು, ಆರನೆಯದಕ್ಕೆ ಕೈಹಾಕಿದನು. ಬೆಂಚು ಅಲುಗಾಡುವುದನ್ನು ನಿಲ್ಲಿಸಿತ್ತು.

ನರ್ಸು ಬಂದು ಪಟ್ಟಿ ಸುತ್ತಿದಳು. "ಇಳಿದಿದೆ. ಏಳಿ, ಹೋಗೋಣ."

ಲಾರಿಯವನು ತಡವರಿಸಿ ರಫುಗಾರನ ಭುಜ ಹಿಡಿದನು. "ತಮ್ಮಾ, ನಿನ್ನ ಸರದಿ..." ಎಂದನು.

"ಹೋಗಿ ಬನ್ನಿ ಅಣ್ಣ."

ಬಾಗಿಲು ಮುಚ್ಚಿತು. ಹೊರಗುಳಿದ ನರ್ಸು, "ಮುಂದಿನ ಸಲ ನೀವೇ ಮೊದಲು. ಯಾವಾಗ ಅಂತ ಮಾತ್ರ ಹೇಳೋಕಾಗಲ್ಲ. ಹೋಗಿ ಏನಾದ್ರೂ ತಿನ್ನಿ" ಎಂದಳು.

ಅಂಗಳಕ್ಕಿಳಿದು ಅವನು ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದನು. ಅವಳು ಸಿಡಿದಳು.

"ಎರಡು ವರ್ಷದಿಂದ ಒಂದು ದಿನ ಬಿಡದೆ ಬೇಡ್ಕೊಂಡಿದ್ದೀನಿ! ಬಾಗಿಲವರೆಗೆ ಕರ್ಕೊಂಡು ಹೋಗಿ ವಾಪಸ್ ಕಳಿಸೋದು ಅಂದ್ರೆ ಏನು? ಆ ದೇವರಿಗೆ ಕರುಣೆ ಅನ್ನೋದು ಇದೆಯಾ?"

ಅವನು ಸಮಾಧಾನದ ಮಾತನ್ನು ಅವಳಿಂದಲೇ ಬಯಸಿ ಫೋನ್ ಮಾಡಿದ್ದನು. ಅದು ಅಲ್ಲಿ ಇಲ್ಲವೆಂದು ತಿಳಿದಾಗ, ತನ್ನಲ್ಲಿದ್ದುದನ್ನೇ ಹುಡುಕಬೇಕಾಯಿತು.

"ಸಿಟ್ಟು ನನಗೂ ಇದೆ ಅಕ್ಕ. ನಾಳೆ ಕೆಲಸ ಇರುತ್ತೋ ಇಲ್ವೋ, ಅದೂ ಗೊತ್ತಿಲ್ಲ. ಆದ್ರೆ ಅವನು ನನ್ನ ಮರೆತಿದ್ದಾನೆ ಅಂತ ಇಷ್ಟು ದಿನ ಅನ್ನಿಸ್ತಿತ್ತಲ್ಲ, ಇವತ್ತು ಅನ್ನಿಸ್ತಿಲ್ಲ. ಮರೆತಿದ್ರೆ ಆ ಬೆಂಚಿನ ಮೇಲೆ ಆ ಅರ್ಧ ಗಂಟೆ ನನ್ನ ಕೂರಿಸ್ತಿರ್ಲಿಲ್ಲ."

"ಚಿಕ್ಕಂದಿನಿಂದಲೂ ನೀನು ಪೆದ್ದೇ" ಎಂದು ಅಕ್ಕ ಮೂಗು ಸೀಟಿದಳು.

ಕ್ಯಾಂಟೀನಿನಲ್ಲಿ ಅವನು ಎರಡು ಬನ್ನು ಕೊಂಡು, ಬಸ್ಸಿನ ನಿಲ್ದಾಣದ ಕಡೆ ನಾಲ್ಕು ಹೆಜ್ಜೆ ಹಾಕಿ, ನಿಂತು, ಮತ್ತೆ ಹಜಾರಕ್ಕೆ ಬಂದನು. ಬೆಂಚಿನ ಮೇಲೆ ಆ ಹೆಂಗಸು ಒಬ್ಬಳೇ ಕುಳಿತಿದ್ದಳು.

"ನೀವಿನ್ನೂ ಹೋಗಿಲ್ವಾ?"

"ಇಲ್ಲ."

"ಮನೇಲಿ ಕಾಯೋರಿಲ್ವಾ?"

"ಇಲ್ಲ" ಎಂದು ಅವನು ಒಂದು ಬನ್ನನ್ನು ಅವಳತ್ತ ಚಾಚಿದನು. ಅವಳು ತಿನ್ನಲಿಲ್ಲ, ಮಡಿಲಲ್ಲಿಟ್ಟುಕೊಂಡಳು.

"ಎಷ್ಟು ಹೊತ್ತಾಗುತ್ತೋ?"

"ಆದಷ್ಟು ಆಗಲಿ" ಎಂದು ಅವನು ಕುಳಿತುಕೊಂಡನು. ಒಳಗೆ ಕತ್ತರಿ ಹಿಡಿದ ಕೈಗಳು ನಡುಗದಿರಲಿ ಎಂದು ಮನಸ್ಸು ತಾನಾಗಿಯೇ ಬೇಡಿಕೊಂಡಿತು. ತನಗಾಗಿ ಏನನ್ನೂ ಸೇರಿಸಲು ಅದಕ್ಕೆ ನೆನಪಾಗಲಿಲ್ಲ.

ಆಪರೇಷನ್ ಕೋಣೆಯ ಬಾಗಿಲಿನ ಮೇಲೆ, ಒಳಗೆ ಕೆಲಸ ಮುಗಿಯುವವರೆಗೂ ಉರಿಯುವ ಒಂದು ಕೆಂಪು ದೀಪವಿತ್ತು. ಅವನ ಕಣ್ಣಿಗೆ ಅದು ಗೋಡೆಯ ಮೇಲೆ ಚೆಲ್ಲಿದ ಕಲೆಯಂತೆ ಕಾಣುತ್ತಿತ್ತು. ಉರಿಯುತ್ತಿದೆಯೋ ಆರಿದೆಯೋ ತಿಳಿಯುತ್ತಿರಲಿಲ್ಲ.

"ದೀಪ ಇನ್ನೂ ಇದೆಯಾ?" ಎಂದು ಕೇಳಿದನು.

"ಇದೆ."

ಅವನು ತನ್ನ ಬನ್ನನ್ನು ಚೂರು ಚೂರಾಗಿ ಮುರಿದು ತಿಂದು ಮುಗಿಸಿದನು. ಆಮೇಲೆ ಅವನು ಕೇಳದಿದ್ದರೂ ಅವಳೇ ಹೇಳಿದಳು: "ಇನ್ನೂ ಇದೆ."