ಎಡ ಹಿಮ್ಮಡಿ

ಬಿತ್ತು, ಅಗೋ ಇನ್ನೊಂದು ಹನಿ, ಕೆಳಗಿಟ್ಟ ರಟ್ಟಿನ ಮೇಲೆ ಬಿದ್ದು ಬಿಲ್ಲೆಯಷ್ಟು ಅಗಲವಾಗುತ್ತಿದೆ, ಹರಡು ಮಗನೇ, ಚೆನ್ನಾಗಿ ಹರಡು, ಇವತ್ತು ನಿನ್ನ ಆಟ ಮುಗಿಯಿತು, ನನ್ನ ಮುಂದೆ ಬಾಲ ಬಿಚ್ಚಿ ಉಳಿದುಕೊಂಡ ಎಣ್ಣೆಯೂ ಇಲ್ಲ ನೀರೂ ಇಲ್ಲ, ಈ ಬೀದಿಯಲ್ಲಿ ಯಾರ ಮನೆಯ ಪೈಪು ಸೋರಿದರೂ ಮೊದಲು ನೆನಪಾಗುವವನು ನಾನು, ನಲ್ಲಿ ಮೇಷ್ಟ್ರು ಅಂತಲೇ ಹೆಸರು, ಸ್ವಂತ ಹೆಸರು ಹಿಡಿದು ಕರೆದರೆ ನಾನೇ ತಿರುಗಿ ನೋಡುವುದಿಲ್ಲ, ಅಂಥವನ ಮನೆ ಬಾಗಿಲಲ್ಲೇ ಒಂದು ಹಳೇ ಮೋಟರ್ ಸೈಕಲ್ಲು ತೊಟ್ಟಿಕ್ಕುತ್ತಾ ನಿಂತರೆ ಜನ ನಗದೆ ಬಿಡುತ್ತಾರೆಯೇ, ನಗಲಿ, ಅವರ ಮನೆಯ ಪೈಪೂ ಒಂದು ದಿನ ಒಡೆಯುತ್ತದೆ, ಆಗ ನೋಡಿಕೊಳ್ಳೋಣ — ಆದರೆ ಅವಳು ನಗಲಿಲ್ಲ, ನಿನ್ನೆ ಬಟ್ಟೆ ಮಡಚುತ್ತಾ ಮಡಚುತ್ತಾ ಹೇಳಿಬಿಟ್ಟಳು, ಎಣ್ಣೆ ನಿಂತ್ರೆ ನಿಮ್ಮ ಹಿಂದೆ ಕೂತ್ಕೊಂಡು ಅಂಗಡಿಗೆ ಬರ್ತೀನಿ ರೀ, ನಿಲ್ಲದಿದ್ರೆ ಅಣ್ಣನ ಕಾರು ಇದ್ದೇ ಇದೆ. ಅಣ್ಣನ ಕಾರು ಎಂದರೆ ಬರೀ ಕಾರಲ್ಲ, ನನಗೆ ಗೊತ್ತಿಲ್ಲವೇ, ಅವಳ ಹೊಲಿಗೆ ಅಂಗಡಿಯ ಷಟರ್ ಎತ್ತಿಸಿ, ಹೊಲಿಗೆ ಯಂತ್ರದ ಧೂಳು ಒರೆಸಿಸಿ, ಅಲ್ಲಿಂದ ನೇರ ಅವನ ಮನೆಗೆ, ಇನ್ನೊಂದೆರಡು ತಿಂಗಳು ನಮ್ಮನೇಲೇ ಇರ್ಲಿ ಬಿಡಪ್ಪ, ನೀನೊಬ್ನೇ ಎಷ್ಟು ಅಂತ ನೋಡ್ಕೋತೀಯ, ಅಂದ ಭಾವ, ಒಳ್ಳೆಯ ಮನುಷ್ಯ, ಅದೇ ತೊಂದರೆ, ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು. ಅವಳು ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಇಂಜಿನ್ ಕವರಿನ ಸಂದಿಗೆ ಹಾಕುವ ಪ್ಯಾಕಿಂಗ್ ಹೊಸದು, ಬೆಳಕು ಹರಿಯುತ್ತಲೇ ನಾನೇ ಕತ್ತರಿಸಿ ಕೂರಿಸಿದ್ದು, ಸ್ಪೇರ್ ಪಾರ್ಟ್ಸ್ ಅಂಗಡಿಯದ್ದಕ್ಕಿಂತ ಚೆನ್ನಾಗಿದೆ, ಸೈಡ್ ಕವರಿನ ಸ್ಕ್ರೂಗಳನ್ನು ಎದುರುಬದುರಾಗಿ ಒಂದೊಂದೇ ಬಿಗಿ ಮಾಡಿದ್ದೇನೆ, ಕೈಯಲ್ಲಿ ತಪ್ಪಿಲ್ಲ, ಕೈ ಯಾವತ್ತೂ ತಪ್ಪುವುದಿಲ್ಲ, ಆದರೂ ಹನಿ — ಸರಿ, ಕಳ್ಳ ಎಲ್ಲಿಂದ ಹೊರಡುತ್ತಾನೆ ನೋಡೋಣ ಎಂದು ಅವಳ ಪೌಡರ್ ಡಬ್ಬಿ ತಂದೆ, ಕವರನ್ನು ಒರೆಸಿ ಒಣಗಿಸಿ ಪೌಡರ್ ಉದುರಿಸಿದರೆ ಎಣ್ಣೆ ನಡೆದ ದಾರಿ ತಾನೇ ಕಾಣುತ್ತದೆ, ಅವಳು ಒಳಗಿನಿಂದ, ನನ್ನ ಪೌಡರ್ ಯಾಕ್ರೀ, ಇಂಜಿನ್ನಿಗೆ ಮದುವೇನಾ, ಎಷ್ಟು ದಿನವಾಗಿತ್ತು ಅವಳು ಹೀಗೆ ಕಿಚಾಯಿಸಿ, ನಾನು ಇನ್ನಷ್ಟು ಪೌಡರ್ ಉದುರಿಸುತ್ತಾ ಆ ಮಾತನ್ನೇ ಸವಿದೆ. ಕಿಕ್ ಹೊಡೆದೆ, ಒಂದೇ ಏಟಿಗೆ ಸ್ಟಾರ್ಟ್, ಮುದುಕನಾದರೂ ಗಂಟಲು ಗಟ್ಟಿ, ಡುಗ್ ಡುಗ್ ಎನ್ನುತ್ತಾ ನಡುಗುತ್ತಿದೆ, ಬಿಳಿ ಪೌಡರಿನ ಮೇಲೆ ನೋಡುತ್ತೇನೆ, ಒಂದು ಕಡೆಯಲ್ಲ, ಕವರಿನ ಅಂಚಿನ ಸುತ್ತಲೂ ಸಣ್ಣ ಕಪ್ಪು ಗೆರೆ ಮೂಡುತ್ತಿದೆ, ಮೇಲೂ ಕೆಳಗೂ ಒಂದೇ ಸಲ, ಇದೆಂಥ ಸೋರಿಕೆ, ಸೋರುವುದೆಂದರೆ ಒಂದು ತೂತು, ಒಂದು ಸೀಳು, ಒಂದು ಸಡಿಲ ಜಾಗ, ಅದನ್ನು ಹುಡುಕು ಮುಚ್ಚು, ಇಷ್ಟು ವರ್ಷ ಅದೇ ನನ್ನ ಅನ್ನ. ಗೆರೆ ದಪ್ಪವಾಗುತ್ತಿದೆ, ಕೆಳಗಿಳಿದು ಹಿಂದಕ್ಕೆ ಹಾರುತ್ತದೆ, ಹಾರಿ ನೇರ ಹಿಂದೆ ಕೂತವಳ ಎಡ ಹಿಮ್ಮಡಿಗೆ, ಪ್ರತಿ ಸಲವೂ ಅಲ್ಲಿಗೇ, ಸೋಪು ಹಚ್ಚಿ ಕಲ್ಲಿಗೆ ತಿಕ್ಕುತ್ತಾ ಬೈಯುತ್ತಿದ್ದಳು, ಊರಿಗೆಲ್ಲಾ ಸೋರೋದು ನಿಲ್ಲಿಸ್ತೀರ, ಹೆಂಡ್ತಿ ಕಾಲಿಗೆ ಮಾತ್ರ ಡಾಂಬರು ಹಾಕ್ತೀರ — ಆಸ್ಪತ್ರೆಗೂ ಈ ಗಾಡಿಯಲ್ಲೇ ಹೋದದ್ದು, ಕಾರು ಬೇಡ, ಮಲಗ್ಕೊಂಡು ಹೋಗೋವಷ್ಟು ಏನಾಗಿದೆ ನನಗೆ, ಎಂದು ಹಟ ಹಿಡಿದಳು, ಮಾರನೇ ದಿನ ಆಪರೇಷನ್ನಿಗೆ ತಳ್ಳಿಕೊಂಡು ಹೋಗುವಾಗ ಹಸಿರು ಬಟ್ಟೆ ಮೈಯೆಲ್ಲಾ ಮುಚ್ಚಿತ್ತು, ಎಡ ಹಿಮ್ಮಡಿ ಮಾತ್ರ ಹೊರಗೆ, ಅದರ ಮೇಲೆ ಆ ಕಪ್ಪು ಚುಕ್ಕೆ, ನರ್ಸಮ್ಮ ಒರೆಸಿದರೂ ಹೋಗದ ಚುಕ್ಕೆ, ಬಾಗಿಲ ರೆಕ್ಕೆಗಳು ಅತ್ತಿತ್ತ ಆಡಿ ನಿಂತವು. ಬೇಡ, ಈಗ ಅದು ಬೇಡ, ಕೆಲಸ ನೋಡು.

ರೀ, ಆ ಕಿಟಕಿ ತೆಗೀರಿ, ಒಳಗಿನಿಂದ ಅವಳು. ಹೊಗೆ ಬರತ್ತೆ ಕಣೆ, ಗಾಡಿ ಸ್ಟಾರ್ಟ್ ಇದೆ. ಬರೋ ಹೊಗೆ ಬಾಗಿಲ ಸಂದೀಲಿ ಆಗ್ಲೇ ಬಂದಾಯ್ತು, ಹೊರಗೆ ಹೋಗೋಕೆ ಒಂದು ದಾರಿ ಬೇಡ್ವಾ, ಉಸಿರು ಕಟ್ತಿದೆ ನನಗೆ. ಕೈಗೆ ಎಣ್ಣೆ, ಮೊಣಕೈಯಿಂದಲೇ ಕಿಟಕಿ ತಳ್ಳಿದೆ, ಬಿಗಿಯಾಗಿತ್ತು, ಅವಳು ಮನೆಗೆ ಬಂದಾಗಿನಿಂದ ಥಂಡಿ, ಧೂಳು, ಸೊಳ್ಳೆ, ನೋಡಲು ಬರುವ ಜನ ಎಂದು ನಾನೇ ಒಂದೊಂದಾಗಿ ಎಲ್ಲಾ ಮುಚ್ಚಿದ್ದೆ, ಸಂದಿಗೆ ಟೇಪು ಕೂಡ ಹಚ್ಚಿದ್ದೆ, ಒಳ್ಳೆಯ ಟೇಪು, ಕಿತ್ತರೆ ಬಣ್ಣವೂ ಜೊತೆಗೆ ಬಂತು, ಪರದೆ ಒಮ್ಮೆಲೇ ಹೊರಗೆ ಹಾರಿ ನನ್ನ ಮುಖಕ್ಕೆ ಬಡಿಯಿತು, ಒಳಗಿನ ಔಷಧಿ ವಾಸನೆಯೆಲ್ಲಾ ನನ್ನನ್ನು ದಾಟಿಕೊಂಡು ಬೀದಿಗೆ ಹೋಯಿತು, ಹೊರಗೆ ಹೋಗೋಕೆ ಒಂದು ದಾರಿ ಬೇಡ್ವಾ — ತಡೆ, ತಡೆ, ಇಂಜಿನ್ನಿನ ಬೆನ್ನಿನಿಂದ ಬರುವ ಆ ರಬ್ಬರ್ ಕೊಳವೆ, ಬೆರಳು ಗಾತ್ರದ್ದು, ಚೈನಿನ ಹತ್ತಿರ ಬಾಯಿ ತೆರೆದುಕೊಂಡು ಸುಮ್ಮನೆ ನೇತಾಡುತ್ತಿದ್ದದ್ದು, ಹೋದ ವರ್ಷ ಅದರ ತುದಿಯಲ್ಲಿ ಎರಡು ಹನಿ ನೊರೆ ನೋಡಿದೆ, ನೋಡಿದವನು ಯಾರು, ನಲ್ಲಿ ಮೇಷ್ಟ್ರು, ಬಾಯಿ ತೆರೆದ ಪೈಪು ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ, ರಬ್ಬರ್ ಬಿರಡೆ ಕೆತ್ತಿ, ಒಳಗೆ ತುರುಕಿ, ಮೇಲೊಂದು ಕ್ಲಿಪ್ ಹಾಕಿ, ಎಷ್ಟು ಚೆಂದ ಮುಚ್ಚಿದೆ ಎಂದು ನಾನೇ ಬೆನ್ನು ತಟ್ಟಿಕೊಂಡಿದ್ದೆ. ಇಂಜಿನ್ನು ಉಸಿರು ಬಿಡುವ ಮೂಗು ಅದು, ಕತ್ತೆ, ಮೂಗು ಮುಚ್ಚಿದರೆ ಒಳಗಿನ ಒತ್ತಡ ಏನು ಮಾಡಬೇಕು, ಸಿಕ್ಕ ಸಿಕ್ಕ ಸಂದಿಯಲ್ಲಿ ಎಣ್ಣೆ ನೂಕಿಕೊಂಡು ಬರುತ್ತದೆ, ಬಿಗಿ ಮಾಡಿದಷ್ಟೂ ಬರುತ್ತದೆ, ಅದಕ್ಕೇ ಪ್ಯಾಕಿಂಗ್ ಮೇಲೆ ಪ್ಯಾಕಿಂಗ್ ಹಾಕಿದರೂ ಅವಳ ಹಿಮ್ಮಡಿ ಒಣಗಲಿಲ್ಲ. ಇಂಜಿನ್ ಆರಿಸಿ ಕ್ಲಿಪ್ ಬಿಚ್ಚಿದೆ, ಬಿರಡೆ ಎಳೆದೆ, ಫುಸ್ಸ್ — ಎಷ್ಟು ಹೊತ್ತಿನ ಸಿಟ್ಟೋ ಒಂದೇ ಸಲ ಹೊರಗೆ ಬಂತು, ನನಗೂ ನಗು ಬಂತು, ನಾಚಿಕೆಯೂ ಬಂತು, ಆದರೆ ನಿಜ ಹೇಳಬೇಕು, ಬಿರಡೆ ಮಾತ್ರ ಎಳ್ಳಷ್ಟೂ ಸೋರಿಲ್ಲ, ನಾನು ಮುಚ್ಚಿದ್ದು ಸೋರುವುದಿಲ್ಲ, ಬೇರೆಯವನು ಮುಚ್ಚಿದ್ದರೆ ಅದೇ ಸೋರಿ ಗಾಡಿ ಬದುಕುತ್ತಿತ್ತು. ಕೊಳವೆಯ ಬಾಯಿಗೆ ಔಷಧಿಯ ಖಾಲಿ ಬಾಟಲಿಯೊಂದನ್ನು ಸಡಿಲವಾಗಿ ಕಟ್ಟಿದೆ, ಗಾಳಿ ಹೋಗಲಿ, ನೊರೆ ಅದರಲ್ಲಿ ಉಳಿಯಲಿ, ಮತ್ತೆ ಒರೆಸಿ, ಮತ್ತೆ ಪೌಡರ್, ಮತ್ತೆ ಕಿಕ್, ಉಸಿರು ಹಿಡಿದು ನೋಡುತ್ತೇನೆ, ಬಿಳಿ, ಇನ್ನೂ ಬಿಳಿ, ಬೀದಿಯ ಕೊನೆಗೆ ಹೋಗಿ ಬಂದು ನೋಡಿದರೂ ಬಿಳಿ.

ಕಾರಿನ ಹಾರನ್ನು, ಬಂದ ಭಾವ, ಹೇಳಿದ ಹೊತ್ತಿಗಿಂತ ಮೊದಲೇ, ಹಿಂದಿನ ಸೀಟಿನಲ್ಲಿ ದಿಂಬು ಬೇರೆ ಇಟ್ಟುಕೊಂಡಿದ್ದಾನೆ, ನಿಂತಿತೇನಪ್ಪಾ ನಿನ್ನ ಎಣ್ಣೆ, ಎಂದು ರಟ್ಟಿನ ಕಡೆ ಬಗ್ಗುತ್ತಾನೆ, ನಿಂತಿದೆ ಭಾವ, ಎಂದೆ, ಎದೆಯುಬ್ಬಿಸಿಯೇ ಎಂದೆ, ಅವಳು ಬಾಗಿಲಿಗೆ ಬಂದಳು, ತಿಳಿ ಬಣ್ಣದ ಬಟ್ಟೆ, ಇಷ್ಟು ತೆಳ್ಳಗಾಗಿದ್ದಾಳೆಯೇ, ಮನೆಯೊಳಗೆ ದಿನಾ ನೋಡುವ ಕಣ್ಣಿಗೆ ತಿಳಿದಿರಲಿಲ್ಲ, ಮೆಟ್ಟಿಲಿಳಿಯಲು ಕೈ ಚಾಚಿದೆ, ಕೈ ಎಣ್ಣೆ ರೀ, ಎಂದು ಒಬ್ಬಳೇ ಇಳಿದಳು, ನಿಧಾನ, ಆದರೆ ಒಬ್ಬಳೇ, ನಾನು ಚಾಚಿದ ಕೈಯನ್ನು ಒರೆಸುವ ಬಟ್ಟೆಗೆ ಒರೆಸಿಕೊಂಡೆ. ಏನಾಗಿತ್ತಂತೆ, ಎಂದಳು. ನಾನೇ ಮುಚ್ಚಿದ್ದೆ ಕಣೆ, ಉಸಿರಾಡೋ ಪೈಪು. ಅವಳು ನನ್ನ ಅಂಗೈ ಮೇಲಿನ ಬಿರಡೆ ನೋಡಿದಳು, ಕಿತ್ತ ಟೇಪು ನೇತಾಡುತ್ತಿದ್ದ ಕಿಟಕಿ ನೋಡಿದಳು, ತೆರೆದಿದ್ದು ಏನು ಕಂಡ್ರೂ ನಿಮಗಾಗಲ್ಲ ಬಿಡಿ, ಎಂದಳು, ಬೈಗುಳದಂತೆ ಇರಲಿಲ್ಲ, ಹೊಗಳಿಕೆಯಂತೂ ಅಲ್ಲ, ಅಣ್ಣನ ಕಡೆ ತಿರುಗಿ, ನೀನು ಮನೆಗೆ ಹೋಗಿರು ಅಣ್ಣ, ಅಂಗಡಿ ಹತ್ರ ಇಳಿದು ಕಾಲು ನೋಡ್ಕೋತೀನಿ, ಒಂದೇ ಒಂದು ಚುಕ್ಕೆ ಇದ್ರೂ ಫೋನ್ ಮಾಡ್ತೀನಿ, ಬಂದು ಕರ್ಕೊಂಡು ಹೋಗು, ಇಲ್ದಿದ್ರೆ ಸಂಜೆ ನಾನು ಇಲ್ಲಿಗೇ ಬರ್ತೀನಿ. ಮಾತು ಅಂದರೆ ಮಾತು, ಬಟ್ಟೆ ಕತ್ತರಿಸಿದ ಹಾಗೆ.

ಈಗ ಹಿಂದೆ ಕೂತಿದ್ದಾಳೆ, ಭಾರವೇ ಇಲ್ಲ, ಆದರೆ ಕೈ ನನ್ನ ಭುಜದ ಮೇಲಿದೆ, ಅದು ಗೊತ್ತಾಗುತ್ತಿದೆ, ಪಾತ್ರೆ ಅಂಗಡಿ ದಾಟಿತು, ಮುರಿದ ನೀರಿನ ಟ್ಯಾಂಕು ದಾಟಿತು, ಸೋರುವುದಿಲ್ಲ, ನನಗೆ ಗೊತ್ತು ಸೋರುವುದಿಲ್ಲ, ಪೌಡರ್ ನೋಡಿದ್ದೇನೆ, ಆದರೂ ಎಡಗಡೆಯ ಕನ್ನಡಿಯನ್ನು ಮೆಲ್ಲಗೆ ಕೆಳಗೆ ಬಗ್ಗಿಸಿದೆ, ರಸ್ತೆ ಕಾಣುವುದಿಲ್ಲ, ಬೇಡ, ಬಟ್ಟೆಯ ಅಂಚು ಕಾಣುತ್ತಿದೆ, ಗಾಳಿಗೆ ಪಟಪಟ ಎನ್ನುತ್ತಾ ಕಾಲು ಮುಚ್ಚುತ್ತಿದೆ, ಹಸಿರು ಬಟ್ಟೆ, ಬಾಗಿಲ ರೆಕ್ಕೆಗಳು, ಅಲ್ಲ, ತಿಳಿ ಬಣ್ಣ, ಇದು ತಿಳಿ ಬಣ್ಣ, ಅವಳು ಕೂತಿದ್ದಾಳೆ, ಮಲಗಿಲ್ಲ, ಕೂತಿದ್ದಾಳೆ, ಸರ್ಕಲ್ಲಿನಲ್ಲಿ ಕೆಂಪು ದೀಪ, ನಿಲ್ಲಿಸಿದೆ, ಚುಕ್ಕೆ ಬಿತ್ತಾ ಎಂದು ಕೇಳಬಾರದು, ಕೇಳಿದರೆ ಸೋತ ಹಾಗೆ, ರಸ್ತೆ ನೋಡ್ರೀ, ಎನ್ನುತ್ತಾಳೆ ಹಿಂದಿನಿಂದ, ಕನ್ನಡಿ ಬಗ್ಗಿಸಿದ್ದನ್ನು ನೋಡಿಬಿಟ್ಟಿದ್ದಾಳೆ, ಭುಜದ ಮೇಲಿನ ಕೈ ಒಮ್ಮೆ ಬಿಗಿಯಾಯಿತು, ಬಟ್ಟೆಯ ಅಂಚು ಸರಿಯಿತು, ಅವಳು ಕಾಲನ್ನು ಫುಟ್‌ರೆಸ್ಟಿನಿಂದ ಎತ್ತಿ, ಚಪ್ಪಲಿ ಜಾರಿಸಿ, ನನ್ನ ಕನ್ನಡಿಗೆ ಹಿಡಿದಳು — ಎಡ ಹಿಮ್ಮಡಿ, ಒಡೆದ ಗೆರೆಗಳು, ಒಣಗಿದ್ದು, ಬೆಳ್ಳಗೆ, ಎಡ ಹಿಮ್ಮಡಿ